ಮಳೆಯ ಬೆಳಿಗ್ಗೆ ನಿಂತುಹೋಗುವ ವೈಪರ್

ಉಯ್ಯಂಬಳ್ಳಿ
7 ಜುಲೈ 2024

ಗಫಾರಣ್ಣನವರಿಗೆ ಲತಾಮಣಿಯ ನಮಸ್ಕಾರಗಳು.

ನಾನು ರಾಮಲಿಂಗಯ್ಯನವರ ಮಗಳು. ಅಪ್ಪ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ತಂದಾಗಲೆಲ್ಲ ನಿಮ್ಮ ರಿಪೇರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ನಿಮ್ಮ ಜೊತೆ ಟೀ ಕುಡಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಬಿಳಿ ಕಾರು ನನ್ನ ಪಾಲಿಗೆ ಬಂತು. ಅದಕ್ಕೀಗ ಇಪ್ಪತ್ತೈದು ವರ್ಷ ದಾಟಿದೆ. ಓಡಿಸುವವಳು ನಾನೇ. ನಮ್ಮೆಜಮಾನರು ಮನೋಹರ್ ಸ್ಟೇರಿಂಗ್ ಮುಟ್ಟುವವರಲ್ಲ. ಮುಟ್ಟಿದರೂ ರೇಷ್ಮೆ ಹುಳುಗಳನ್ನು ಬಿಟ್ಟು ಅರ್ಧ ದಿನ ಆಚೆ ಹೋಗುವಂತಿಲ್ಲ.

ತೊಂದರೆ ಇರುವುದು ವೈಪರಿನಲ್ಲಿ. ಶುರುವಿನಲ್ಲಿ ಚೆನ್ನಾಗಿಯೇ ಆಡುತ್ತದೆ. ಒಂದೆರಡು ಮೈಲಿ ಹೋಗುವಷ್ಟರಲ್ಲಿ ನಿಧಾನವಾಗುತ್ತ ಬಂದು ಗಾಜಿನ ನಡುವೆ ನಿಂತುಬಿಡುತ್ತದೆ. ಇಳಿದು ಕೈಯಿಂದ ತಳ್ಳಿದರೆ ಮತ್ತೆ ಸ್ವಲ್ಪ ದೂರ. ಸೀದ ವಾಸನೆಯೂ ಬರುತ್ತದೆ. ಕನಕಪುರದ ಮೆಕ್ಯಾನಿಕ್ ಮೋಟರೇ ಹೋಗಿದೆ, ಈ ಕಾರಿಗೆ ಈಗ ಮೋಟರ್ ಸಿಗುವುದಿಲ್ಲ, ಗುಜರಿಗೆ ಹಾಕಿ ಅಂದ. ನನಗೆ ವಾರದಲ್ಲಿ ಎರಡು ದಿನ ಕನಕಪುರಕ್ಕೆ ಹೋಗಿ ಬರಲೇಬೇಕು.

ನಿಮ್ಮ ಅಂಗಡಿಯನ್ನು ಈಗ ಆಫ್ತಾಬ್ ಎನ್ನುವವರು ನಡೆಸುತ್ತಿದ್ದಾರಂತೆ, ವಿಳಾಸ ಕೊಟ್ಟವರು ಅವರೇ. ನಂಬರೂ ಕೊಟ್ಟರು. ನಮ್ಮೂರಲ್ಲಿ ಸಿಗ್ನಲ್ ಸಿಗುವುದಿಲ್ಲ, ಕನಕಪುರದ ಬಸ್ ಸ್ಟ್ಯಾಂಡಿನಿಂದ ನಾಲ್ಕಾರು ಸಲ ಫೋನ್ ಮಾಡಿದೆ. ನೀವು ಎತ್ತಿದಿರಿ, ಕೇಳಿಸಿಕೊಂಡಿರಿ, ಒಂದು ಮಾತೂ ಆಡದೆ ಇಟ್ಟುಬಿಟ್ಟಿರಿ. ಏನು ತಪ್ಪಾಯಿತೋ ಗೊತ್ತಾಗಲಿಲ್ಲ. ಅದಕ್ಕೇ ಈ ಕಾಗದ.

ಲತಾಮಣಿ


ಮಾಗಡಿ
13 ಜುಲೈ 2024

ತಂಗಿ ಲತಾಮಣಿಗೆ ಗಫಾರನ ಸಲಾಂ.

ರಾಮಲಿಂಗಯ್ಯನ ಮಗಳು ಎಂದು ಪರಿಚಯ ಹೇಳಿಕೊಳ್ಳಬೇಕೇ. ಹಿಂದಿನ ಸೀಟಿನಲ್ಲಿ ಗೂಡಿನ ಚೀಲಗಳ ನಡುವೆ ಕೂತು ನಿದ್ದೆ ಮಾಡುತ್ತಿದ್ದವಳು ನೀನೇ ತಾನೆ. ಈಗ ನಾನು ಮಗಳು ಖುರ್ಷಿದಾಳ ಮನೆಯಲ್ಲಿದ್ದೇನೆ. ಫೋನ್ ಮಾಡಬೇಡ. ಕಾಗದವೇ ಒಳ್ಳೆಯದು.

ಗುಜರಿಗೆ ಹಾಕುವ ಮೊದಲು ಒಂದು ಕೆಲಸ ಮಾಡು. ವೈಪರಿನ ಎರಡೂ ಕೈಗಳನ್ನು ಗಾಜಿನಿಂದ ಮೇಲಕ್ಕೆತ್ತಿ ನಿಲ್ಲಿಸಿ ಸ್ವಿಚ್ ಹಾಕು. ಗಾಳಿಯಲ್ಲಿ ಚುರುಕಾಗಿ ಆಡಿದರೆ ಮೋಟರ್ ಸರಿಯಿದೆ, ರಬ್ಬರ್ ಗಾಜನ್ನು ಕಚ್ಚುತ್ತಿದೆ ಎಂದರ್ಥ. ಅಲ್ಲೂ ಏದುಸಿರು ಬಿಟ್ಟರೆ ಮೋಟರಿನಲ್ಲೇ ದೋಷ, ಇಲ್ಲವೇ ಅದಕ್ಕೆ ಸರಿಯಾಗಿ ಕರೆಂಟ್ ಹೋಗುತ್ತಿಲ್ಲ. ಆಗ ಮೋಟರಿನಿಂದ ಕಾರಿನ ತಗಡಿಗೆ ಬಂದಿರುವ ಕಪ್ಪು ವೈರಿನ ಬೋಲ್ಟ್ ಬಿಚ್ಚಿ, ತುಕ್ಕಿದ್ದರೆ ಉಜ್ಜು. ಆಮೇಲೆ ಫ್ಯೂಸ್ ನೋಡು. ಎಡಗಡೆ ಸೀಟಿನಲ್ಲಿ ಕೂತವರ ಮಂಡಿಯ ಹತ್ತಿರ ಕಪ್ಪು ಡಬ್ಬಿ ಇದೆ. ಮುಚ್ಚಳ ತೆಗೆದರೆ ಮೇಲಿನ ಸಾಲಿನಲ್ಲಿ ಎರಡನೆಯದು. ಉಗುರಿನಿಂದ ಎಳೆದರೆ ಬರುತ್ತದೆ. ಒಳಗಿನ ತಂತಿ ತುಂಡಾಗಿರದಿದ್ದರೆ ವಾಪಸ್ ಅಲ್ಲೇ ಒತ್ತು.

ಅಲ್ಲಿಯವರೆಗೆ ಮಳೆ ಬಂದರೆ ಎಲ್ಲಾದರೂ ನಿಲ್ಲಿಸಿ ಕಾಯಿ. ಸಂತೆ ಎಲ್ಲಿಗೂ ಓಡಿಹೋಗುವುದಿಲ್ಲ, ಏನು ಅವಸರ.

ಗಫಾರ್


ಉಯ್ಯಂಬಳ್ಳಿ
21 ಜುಲೈ 2024

ಗಫಾರಣ್ಣನವರಿಗೆ,

ನೀವು ಹೇಳಿದ್ದನ್ನೆಲ್ಲ ಮಾಡಿದೆ. ನಿಮ್ಮ ಕಾಗದವನ್ನು ಅತ್ತೆ ಬೋರಮ್ಮನವರಿಗೂ ಓದಿ ಹೇಳಿದ್ದೆ. ಅವರು ಎಡಗಡೆ ಸೀಟಿನಲ್ಲಿ ಕೂತು, ಫ್ಯೂಸನ್ನು ತಾವೇ ಕಿತ್ತು ಕೈಗೆ ಕೊಟ್ಟರು. ತಂತಿ ಚೆನ್ನಾಗಿತ್ತು. ಬೋಲ್ಟಿಗೆ ತುಕ್ಕು ಹಿಡಿದಿತ್ತು, ಉಜ್ಜಿದೆ. ವೈಪರ್ ಮೇಲೆತ್ತಿ ಬಿಟ್ಟರೆ ಗಾಳಿಯಲ್ಲೂ ನಿಧಾನವೇ. ಮೋಟರ್ ಮುಟ್ಟಿದರೆ ಕೈ ಸುಡುತ್ತದೆ.

ಏನು ಅವಸರ ಎಂದು ಕೇಳಿದ್ದೀರಿ. ನಾನು ಸಂತೆಗೆ ಹೋಗುವುದಿಲ್ಲ. ಅತ್ತೆಯ ಎರಡೂ ಮೂತ್ರಪಿಂಡ ಹೋಗಿ ಎರಡು ವರ್ಷವಾಯಿತು. ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಬೆಳಗಿನ ಸರದಿ ತಪ್ಪಿದರೆ ಆ ದಿನ ಮಿಷನ್ ಸಿಗುವುದಿಲ್ಲ. ಬಸ್ಸಿನಲ್ಲಿ ಅವರನ್ನು ನಿಲ್ಲಿಸಿ ಕರೆದೊಯ್ಯಲು ಆಗುವುದಿಲ್ಲ. ಮೊದಲೇ ಬರೆಯಬೇಕಿತ್ತು. ಸಿಕ್ಕವರಿಗೆಲ್ಲ ಇದನ್ನೇ ಹೇಳಿ ಹೇಳಿ ನನಗೇ ಬೇಸರವಾಗಿದೆ.

ನಿಮಗೆ ಮಾತಾಡಲು ಇಷ್ಟವಿಲ್ಲ ಎಂದು ಗೊತ್ತಾಗಿದೆ. ಇನ್ನು ಫೋನ್ ಮಾಡುವುದಿಲ್ಲ.

ಲತಾಮಣಿ


ಮಾಗಡಿ
26 ಜುಲೈ 2024

ತಂಗಿ,

ಸಂತೆ ಎಂದು ಬರೆದ ಕೈಗೆ ಏನು ಹೇಳಲಿ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮೋಟರಿನ ಒಳಗೆ ಕರೆಂಟ್ ದಾಟಿಸುವ ಕಾರ್ಬನ್ ತುಂಡು ಸವೆದಿರಬೇಕು. ಬಿಚ್ಚಿ ನನಗೆ ಕಳಿಸು. ಮೂರು ಬೋಲ್ಟು, ಒಂದು ಪ್ಲಗ್ಗು, ನಡುವೆ ಒಂದು ನಟ್ಟು. ಬಿಚ್ಚುವ ಮೊದಲು ನಟ್ಟಿನ ಹತ್ತಿರ ಸುಣ್ಣದಲ್ಲಿ ಗುರುತು ಹಾಕು, ಇಲ್ಲವಾದರೆ ವೈಪರ್ ತಪ್ಪು ಜಾಗದಲ್ಲಿ ನಿಲ್ಲುತ್ತದೆ. ನಿಮ್ಮ ಕಡೆ ಬರುವ ಬಸ್ಸಿನ ಕಂಡಕ್ಟರ್ ಮುನಿಕೃಷ್ಣ ನನಗೆ ಗೊತ್ತು. ಅವನ ಕೈಗೆ ಕೊಟ್ಟರೆ ರಾಮನಗರದಲ್ಲಿ ಆಫ್ತಾಬನಿಗೆ ತಲುಪಿಸುತ್ತಾನೆ. ಅಲ್ಲಿಂದ ಇಲ್ಲಿಗೆ ಬರುತ್ತದೆ. ಮಳೆ ಕಡಿಮೆಯಿರುವ ವಾರ ನೋಡಿ ಬಿಚ್ಚು.

ಮಾತಾಡಲು ಇಷ್ಟವಿಲ್ಲ ಎನ್ನುವುದು ನಿಜವಲ್ಲ. ಅಷ್ಟು ಮಾತ್ರ ಈಗ ಹೇಳುತ್ತೇನೆ.

ಗಫಾರ್


ಮಾಗಡಿ
12 ಆಗಸ್ಟ್ 2024

ತಂಗಿ,

ಮೋಟರ್ ವಾಪಸ್ ಕಳಿಸಿದ್ದೇನೆ. ಊಹಿಸಿದ್ದೇ ಸರಿ. ಕಾರ್ಬನ್ ಸವೆದು ಚೂರಾಗಿತ್ತು, ಗ್ರೀಸ್ ಒಣಗಿ ಮೇಣದಂತಾಗಿತ್ತು. ಹೊಸ ಕಾರ್ಬನ್ ಉಜ್ಜಿ ಕೂರಿಸಿದ್ದೇನೆ. ಬ್ಯಾಟರಿಗೆ ಕೊಟ್ಟು ಬಿಟ್ಟರೆ ಮೊಮ್ಮಗಳು ಮಿಸ್ಬಾ ಬೆದರಿ ಹಿಂದಕ್ಕೆ ಹೋದಳು, ಅಷ್ಟು ಜೋರಾಗಿ ತಿರುಗಿತು. ಬಹಳ ದಿನದ ಮೇಲೆ ಸ್ಕ್ರೂಡ್ರೈವರ್ ಹಿಡಿದೆ.

ಅತ್ತೆಯವರ ಆರೋಗ್ಯ ಹೇಗಿದೆ ಬರೆ.

ಗಫಾರ್


ಉಯ್ಯಂಬಳ್ಳಿ
22 ಸೆಪ್ಟೆಂಬರ್ 2024

ಗಫಾರಣ್ಣನವರಿಗೆ,

ಇಷ್ಟು ದಿನ ಬರೆಯದಿದ್ದುದಕ್ಕೆ ಕಾರಣ, ವೈಪರ್ ಚೆನ್ನಾಗಿ ಓಡುತ್ತಿತ್ತು. ತೊಂದರೆಯಾದಾಗ ಮಾತ್ರ ನೆನೆಸಿಕೊಳ್ಳುತ್ತಾಳೆ ಅಂದುಕೊಳ್ಳುತ್ತೀರೇನೋ. ಮನೆ, ಆಸ್ಪತ್ರೆ, ಹಿಪ್ಪುನೇರಳೆ ಸೊಪ್ಪಿನ ಕೊಯ್ಲು, ಮತ್ತೆ ಆಸ್ಪತ್ರೆ. ಕೂತರೆ ಕಣ್ಣು ಮುಚ್ಚಿಕೊಳ್ಳುತ್ತದೆ.

ಈಗ ಬೇರೆ ಥರದ ತೊಂದರೆ. ಮೊದಲಿನ ಹಾಗೆ ನಿಧಾನವಾಗುವುದಿಲ್ಲ. ಪೂರ್ತಿ ಸತ್ತಂತೆ, ಅಲ್ಲಾಡುವುದೇ ಇಲ್ಲ. ಅದೂ ಬೆಳಿಗ್ಗೆ ಮಳೆ ಇದ್ದರೆ ಮಾತ್ರ. ಈ ತಿಂಗಳಲ್ಲಿ ಎರಡು ಸಲ ಅರ್ಧ ದಾರಿಯಿಂದ ವಾಪಸ್ ಬಂದೆವು. ಸೊಪ್ಪಿನ ಟೆಂಪೋ ಒಂದು ಮುಖದ ಹತ್ತಿರವೇ ಬಂದುಬಿಟ್ಟಿತ್ತು, ನನಗೆ ಕಾಣಲೇ ಇಲ್ಲ. ಅತ್ತೆ ಅಂದರು, "ಬುಡು ಲತಾ, ಇವತ್ತು ಬ್ಯಾಡ. ನಿನ್ ಪ್ರಾಣ ಒತ್ತೆ ಇಟ್ಟು ನನ್ ಪ್ರಾಣ ಉಳಿಸ್ಕಳದೇನು ಬ್ಯಾಡ." ಮನೆಗೆ ಬಂದು ಮಳೆ ನಿಂತ ಮೇಲೆ ಸ್ವಿಚ್ ಹಾಕಿದರೆ ಏನೂ ಆಗಿಲ್ಲದ ಹಾಗೆ ಓಡುತ್ತದೆ. ಅತ್ತೆಯ ಕಾಲು ಊದಿಕೊಂಡಿದೆ.

ಲತಾಮಣಿ


ಮಾಗಡಿ
27 ಸೆಪ್ಟೆಂಬರ್ 2024

ತಂಗಿ,

ಮಳೆಯಲ್ಲಿ ಸಾಯುತ್ತದೆ, ಒಣಗಿದರೆ ಬದುಕುತ್ತದೆ ಎಂದರೆ ನೀರು ಒಳಗೆ ಹೋಗುತ್ತಿದೆ. ಅನುಮಾನವೇ ಬೇಡ. ಪ್ಲಗ್ಗಿನ ಬಾಯಿಗೆ ಗ್ರೀಸ್ ತುಂಬು, ಮೋಟರಿನ ಮೇಲೆ ದಪ್ಪ ಪ್ಲಾಸ್ಟಿಕ್ ಸುತ್ತಿ ಕಟ್ಟು. ಗಾಜಿನ ಕೆಳಗಿನ ಸಂದಿಯಲ್ಲಿ ತರಗೆಲೆ ತುಂಬಿದ್ದರೆ ತೆಗೆದು ನೀರು ಹರಿಯಲು ಬಿಡು. ಇದರಿಂದ ಸರಿಹೋಗಲೇಬೇಕು.

ಇನ್ನು ಸರದಿ ತಪ್ಪಿಸಬೇಡ. ಆಗದಿದ್ದರೆ ಬಾಡಿಗೆ ಗಾಡಿ ಮಾಡಿಕೊಂಡಾದರೂ ಹೋಗು.

ಗಫಾರ್


ಕನಕಪುರ
17 ಅಕ್ಟೋಬರ್ 2024

ಗಫಾರಣ್ಣನವರಿಗೆ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀವು ಹೇಳಿದ ಹಾಗೆ ಗ್ರೀಸ್ ತುಂಬಿದೆ, ಪ್ಲಾಸ್ಟಿಕ್ ಸುತ್ತಿದೆ, ಎಲೆ ಬಾಚಿದೆ. ಏನೂ ಪ್ರಯೋಜನವಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ಜಡಿಮಳೆ. ಹೊರಡುವ ಮೊದಲು ಅಂಗಳದಲ್ಲಿ ಪರೀಕ್ಷೆ ಮಾಡಿದೆ, ಓಡಿತು. ಗೇಟು ಹಾಕಿ ಬಂದು ಕೂತೆ, ಇಲ್ಲ. ಗಾಜಿಗೆ ನೀರು ಚಿಮ್ಮಿಸುವ ಗುಂಡಿ ಒತ್ತಿದರೆ ಅದೂ ಇಲ್ಲ. ಹಾರ್ನು, ಲೈಟು ಎಲ್ಲ ಸರಿ. ಕಿಟಕಿಯಿಂದ ತಲೆ ಆಚೆ ಹಾಕಿಕೊಂಡು ದೊಡ್ಡಾಲಹಳ್ಳಿವರೆಗೆ ಓಡಿಸಿದೆ. ಆಮೇಲೆ ಧೈರ್ಯ ಬರಲಿಲ್ಲ. ಬಾಡಿಗೆ ಗಾಡಿಯವರು ಆ ಮಳೆಯಲ್ಲಿ ಬರಲು ಒಪ್ಪಲಿಲ್ಲ. ವಾಪಸ್ ಬಂದೆವು. ಸಂಜೆ ನೋಡಿದರೆ ವೈಪರ್, ನೀರು ಎರಡೂ ಸರಿಯಾಗಿದ್ದವು. ನಾನು ಕಾರಿನೊಳಗೇ ಕೂತು ಅತ್ತುಬಿಟ್ಟೆ.

ನಿನ್ನೆ ಬೆಳಿಗ್ಗೆ ಅತ್ತೆಗೆ ಉಸಿರು ಸಿಗದೆ ತುಟಿ ನೀಲಿಯಾಯಿತು. ಪಕ್ಕದ ಊರಿನ ಜೀಪಿನಲ್ಲಿ ಕರೆತಂದೆವು. ಶ್ವಾಸಕೋಶದಲ್ಲಿ ನೀರು ತುಂಬಿದೆಯಂತೆ. ಡಾಕ್ಟರು ಎಲ್ಲರೆದುರಿಗೆ ನನ್ನನ್ನು ಬೈದರು. ಬೇಜವಾಬ್ದಾರಿ ಸೊಸೆ ಅಂದುಕೊಂಡಿರಬೇಕು.

ನಿಮ್ಮ ರಿಪೇರಿ ನಂಬಿಕೊಂಡು ತಪ್ಪು ಮಾಡಿದೆ ಅನ್ನಿಸುತ್ತಿದೆ. ಹೀಗೆ ಬರೆಯಬಾರದು. ಆದರೆ ಬೇರೆ ಯಾರಿಗೆ ಬರೆಯಲಿ.

ಲತಾಮಣಿ


ಮಾಗಡಿ
23 ಅಕ್ಟೋಬರ್ 2024

ತಂಗಿ ಲತಾಮಣಿಗೆ,

ಈ ಕಾಗದವನ್ನು ಅತ್ತೆಯವರ ಮುಂದೆ ಕೂತು ಗಟ್ಟಿಯಾಗಿ ಓದು. ಒಂದು ಸಾಲೂ ಬಿಡಬೇಡ.

ಮೊದಲು ಕಾರಿನ ವಿಷಯ. ವೈಪರ್ ಮತ್ತು ನೀರು ಚಿಮ್ಮಿಸುವುದು, ಎರಡಕ್ಕೂ ಒಂದೇ ಫ್ಯೂಸ್. ಎರಡೂ ಒಟ್ಟಿಗೆ ಸತ್ತವು ಎಂದರೆ ಮೋಟರಿಗೆ ನೀರು ಹೋಗಿಲ್ಲ. ನನ್ನ ಲೆಕ್ಕ ತಪ್ಪಿತ್ತು. ಫ್ಯೂಸ್ ಸುಟ್ಟರೆ ಸಂಜೆ ತಾನಾಗಿ ಸರಿಹೋಗುವುದಿಲ್ಲ. ಆದ್ದರಿಂದ ಕಾರಿನಲ್ಲಿ ಏನೂ ಕೆಟ್ಟಿಲ್ಲ. ಇನ್ನು ಬಿಚ್ಚಬೇಡ. ಕಾರಿನ ವಿಷಯ ಇಲ್ಲಿಗೆ ಮುಗಿಯಿತು.

ಈಗ ನನ್ನ ವಿಷಯ. ನೀನು ಫೋನ್ ಮಾಡಿದಾಗ ನಾನು ಮಾತಾಡಲಿಲ್ಲ, ಏಕೆಂದರೆ ನನಗೆ ಸ್ವರವಿಲ್ಲ. ಹೋದ ವರ್ಷ ಗಂಟಲಿನಲ್ಲಿ ಕ್ಯಾನ್ಸರ್ ಗಡ್ಡೆ ಎಂದು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲಿರುವ ತೂತಿನಿಂದ ಉಸಿರಾಡುತ್ತೇನೆ. ಇದನ್ನು ಬರೆಯದೆ ಇದ್ದದ್ದು ನಾಚಿಕೆಯಿಂದಲ್ಲ. ನಿನ್ನ ಕಾಗದಗಳಲ್ಲಿ ನಾನಿನ್ನೂ ಅಂಗಡಿಯ ಗಫಾರನೇ ಆಗಿದ್ದೆ. ಇನ್ನೂ ಒಸಿ ದಿನ ಹಾಗೇ ಇರಲಿ ಅನ್ನಿಸಿತು.

ಆಪರೇಷನ್ ಆದ ಮೇಲೆ ದಿನಾ ಬೆಂಗಳೂರಿಗೆ ಹೋಗಿ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿಕೊಳ್ಳಬೇಕಿತ್ತು. ಮುಖಕ್ಕೆ ಬಿಗಿಯಾದ ಜಾಲರಿ ಹಾಕಿ ಮೇಜಿಗೆ ಅದುಮುತ್ತಾರೆ. ಹೋಗುವುದು, ಬರುವುದು, ಬಂದು ವಾಂತಿ ಮಾಡುವುದು. ಮಗಳು ಮನೆಯ ಕೆಲಸ ಬಿಟ್ಟು ಜೊತೆಗೆ ಬರುತ್ತಿದ್ದಳು. ಒಂದು ದಿನ ಬಸ್ ಬಂತು, ನಾನು ಹತ್ತಲಿಲ್ಲ. ಚೀಟಿಯಲ್ಲಿ ಬರೆದು ತೋರಿಸಿದೆ, "ಇವತ್ತು ನನ್ನ ಕೈಲಾಗುವುದಿಲ್ಲ." ಖುರ್ಷಿದಾ ಬಯ್ಯಲಿಲ್ಲ. ಪಕ್ಕದಲ್ಲಿ ಕೂತು ಅಂದಳು, "ಸರಿ ಅಬ್ಬಾ. ಇವತ್ತು ಬ್ಯಾಡ. ನಾಳೆ ಮತ್ತೆ ಕೇಳ್ತೀನಿ." ಮಾರನೆಯ ದಿನ ಕೇಳಿದಳು, ಹೋದೆ. ಅದಕ್ಕೆ ಮೊದಲು ಎಲ್ಲರೂ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು, ಯಾರೂ ಕೇಳಿರಲಿಲ್ಲ.

ಬೋರಮ್ಮನವರೇ, ಎಷ್ಟು ಸಾಕಾಗುತ್ತದೆ ಎಂದು ನನಗೆ ಗೊತ್ತು. ಬಾಯಿ ಇರುವವರು ಬಾಯಿಬಿಟ್ಟು ಹೇಳಿಬಿಡಿ. ದಾರಿ ಕಾಣದೆ ಓಡಿಸುವವಳು ನಿಮ್ಮ ಸೊಸೆ.

ಗಫಾರ್


ಉಯ್ಯಂಬಳ್ಳಿ
3 ನವೆಂಬರ್ 2024

ಗಫಾರಣ್ಣ,

ನಿಮ್ಮ ಗಂಟಲಿನ ವಿಷಯ ಈಗ ತಿಳಿಯಿತು. ಏನೆಲ್ಲ ಅಂದುಕೊಂಡಿದ್ದೆ ನಿಮ್ಮನ್ನು. ಆಸ್ಪತ್ರೆಯಿಂದ ಬರೆದದ್ದನ್ನು ಮರೆತುಬಿಡಿ.

ಫ್ಯೂಸಿನ ಸಾಲು ಓದುವಾಗಲೇ ನನಗೆ ತಿಳಿಯಿತು. ತಲೆ ಎತ್ತಲಿಲ್ಲ, ಕೊನೆಯವರೆಗೂ ಓದಿದೆ. ಓದಿ ಮುಗಿಸಿದಾಗ ಅತ್ತೆ ಕಾಗದವನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಅಂದರು, "ನಾನೇ ಕಣವ್ವ. ನೀನು ಗೇಟ್ ಹಾಕಕ್ಕೆ ಇಳಿದಾಗ ಆ ಫ್ಯೂಸು ಕೀಳ್ತಿದ್ದೆ. ಮನೆಗೆ ಬಂದಮ್ಯಾಕೆ ಸಿಕ್ಕುಸ್ತಿದ್ದೆ."

ನನಗೆ ಎಷ್ಟು ಸಿಟ್ಟು ಬಂತೆಂದರೆ, ಎದ್ದು ಹಿತ್ತಿಲಿಗೆ ಹೋಗಿಬಿಟ್ಟೆ. ಆ ಟೆಂಪೋ ಕಣ್ಣ ಮುಂದೆ ಬಂತು. ಡಾಕ್ಟರ ಬೈಗುಳ ನೆನಪಾಯಿತು. ವಾಪಸ್ ಬಂದು ಕೇಳಿದೆ, "ನಾನು ಸತ್ತೋಗಿದ್ರೆ ಏನು ಮಾಡ್ತಿದ್ರಿ ಅತ್ತೆ?"

"ಮಳೇಲಿ ನೀನು ಹೊರಡಲ್ಲ, ತಿರುಗುಸ್ತೀಯ ಅನ್ಕಂಡಿದ್ದೆ. ಕಿಟಕಿಯಿಂದ ತಲೆ ಹಾಕ್ಕಂಡು ಓಡಿಸ್ತೀಯ ಅಂತ ನಂಗೇನು ಗೊತ್ತು. ಆವತ್ತು ಪೂರಾ ನನ್ ಜೀವ ಕೈಲಿತ್ತು."

"ಬರಲ್ಲ ಅಂತ ಒಂದು ಮಾತು ಯೋಳಬೌದಿತ್ತಲ್ಲ."

"ಯೋಳುದ್ರೆ ನೀನು ಬುಡ್ತಿದ್ದಾ? ಮನೋಹರ ಬುಡ್ತಿದ್ನಾ? ಅತ್ತೂ ಕರೂದು ಎತ್ತಿ ಹಾಕ್ಕಂಡೋಗ್ತಿದ್ರಿ. ಸೂಜಿ ಚುಚ್ಚಿ ಚುಚ್ಚಿ ಈ ಕೈ ನಂದು ಅನ್ನುಸ್ತಾನೇ ಇಲ್ಲ. ಅಲ್ಲಿಂದ ಬಂದ್ರೆ ಒಂದಿನ ಪೂರಾ ಹೆಣ. ಎದ್ದು ಕೂರೊ ಹೊತ್ತಿಗೆ ಮತ್ತೆ ನೀನು ಕಾರು ಒರುಸ್ತಾ ನಿಂತಿರ್ತೀಯ. ನಿನ್ ಮುಖ ನೋಡ್ಕಂಡಿದ್ದೀಯಾ? ನನಗಿಂತ ನೀನೇ ಸೋತೋಗಿದ್ದೀಯ."

ಅವರು ಹೇಳಿದ್ದು ನಿಜ. ಎರಡು ವರ್ಷದಲ್ಲಿ ನಾನು ಅವರನ್ನು ಒಂದು ಸಲವೂ ಕೇಳಿರಲಿಲ್ಲ. ಕೇಳಿದರೆ ಏನು ಹೇಳುತ್ತಾರೋ ಎಂಬ ಭಯ ಒಳಗೆಲ್ಲೋ ಇತ್ತು.

ಶುಕ್ರವಾರ ಮನೋಹರರೂ ಬಂದರು, ಮೂವರೂ ಡಾಕ್ಟರ ಮುಂದೆ ಕೂತೆವು. ಸರದಿ ತಪ್ಪಿಸಿ ತಪ್ಪಿಸಿ ಬರುವುದು ಬಹಳ ಹಿಂಸೆ ಎಂದರು ಡಾಕ್ಟರು. ನಿಲ್ಲಿಸುವುದೇ ಆದರೆ ಏನಾಗುತ್ತದೆ, ಎಷ್ಟು ದಿನ, ಉಸಿರು ಕಟ್ಟದಂತೆ ಮನೆಯಲ್ಲೇ ಯಾವ ಔಷಧ ಕೊಡಬಹುದು, ಎಲ್ಲವನ್ನೂ ಅತ್ತೆಯ ಮುಖ ನೋಡಿಕೊಂಡೇ ಹೇಳಿದರು. ನಮ್ಮೆಜಮಾನರು ಆಚೆ ಹೋಗಿ ನಿಂತುಕೊಂಡರು. ಅತ್ತೆ ಮಾತ್ರ ಪೂರ್ತಿ ಕೇಳಿಸಿಕೊಂಡರು.

ದಾರಿಯಲ್ಲಿ ಅಂದರು, "ಸದ್ಯಕ್ಕೆ ಬತ್ತೀನಿ. ಇನ್ಮ್ಯಾಲೆ ಕಳ್ಳತನ ಮಾಡಕ್ಕಿಲ್ಲ. ಸಾಕು ಅನ್ನುಸ್ದ ದಿವ್ಸ ಬಾಯ್ಬುಟ್ಟು ಯೋಳ್ತೀನಿ. ಆವತ್ತು ನೀನು ಮಾತಾಡ್ದಂಗೆ ಗಾಡಿ ತಿರುಗುಸ್ಬೇಕು."

ನಾನು ಹೂಂ ಅಂದೆ. ಅಂದುಬಿಟ್ಟೆ.

ಲತಾಮಣಿ


ಮಾಗಡಿ
15 ಡಿಸೆಂಬರ್ 2024

ತಂಗಿ,

ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನು ಬರೆಯಬೇಕೋ ತೋಚಲಿಲ್ಲ. ನಾನು ಅತ್ತೆಯವರಿಗೆ ಹಾಗೆ ಬರೆದದ್ದು ಸರಿಯೋ ತಪ್ಪೋ ಎಂದು ಖುರ್ಷಿದಾಳನ್ನು ಬರೆದು ಕೇಳಿದೆ. "ಗೊತ್ತಿಲ್ಲ ಅಬ್ಬಾ," ಅಂದಳು.

ನನ್ನ ಸ್ಕ್ಯಾನಿಂಗ್ ಮುಂದಿನ ತಿಂಗಳಿದೆ. ಚಳಿಗೆ ಕತ್ತಿನ ತೂತು ಒಣಗಿ ಕೆಮ್ಮು ಜಾಸ್ತಿ. ಅದು ಬಿಟ್ಟರೆ ಇದ್ದೇನೆ. ಅತ್ತೆಯವರು ಹೇಗಿದ್ದಾರೆ? ಬರೆಯಲು ಆಗದಿದ್ದರೆ ಬರೆಯಬೇಡ.

ಗಫಾರ್


ಉಯ್ಯಂಬಳ್ಳಿ
9 ಫೆಬ್ರವರಿ 2025

ಗಫಾರಣ್ಣ,

ಅತ್ತೆ ತೀರಿಕೊಂಡರು. ಕಳೆದ ತಿಂಗಳ ಕೊನೆಯಲ್ಲಿ, ಮನೆಯಲ್ಲೇ, ಮಧ್ಯಾಹ್ನದ ಹೊತ್ತು. ಡಾಕ್ಟರು ಕೊಟ್ಟಿದ್ದ ಔಷಧದಿಂದ ಒದ್ದಾಟ ಕಡಿಮೆಯಿತ್ತು. ಒಂದಿಷ್ಟೂ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆಂಟರಲ್ಲಿ ಕೆಲವರು, ಸೊಸೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದನ್ನು ನಿಲ್ಲಿಸಿಬಿಟ್ಟಳು ಎಂದು ಮಾತಾಡಿಕೊಂಡರು. ನಮ್ಮೆಜಮಾನರು ಎದ್ದು ನಿಂತು, "ನಮ್ಮವ್ವ ಯೋಳಿದ್ದು, ಅವಳು ಕೇಳಿದ್ದು," ಅಂದರು. ಅಷ್ಟು ಜನರ ಮುಂದೆ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಗಾಡಿ ತಿರುಗಿಸಿದ ದಿನ ಹೇಗಾಯಿತು ಎಂದು ನಿಮಗೊಬ್ಬರಿಗೆ ಹೇಳಬೇಕು.

ಸಂಕ್ರಾಂತಿ ಕಳೆದು ಬಂದ ಮಂಗಳವಾರ. ನವೆಂಬರ್, ಡಿಸೆಂಬರ್ ಎರಡೂ ತಿಂಗಳು ಒಂದು ಸರದಿಯನ್ನೂ ಅವರು ತಪ್ಪಿಸಿರಲಿಲ್ಲ. ಅವತ್ತು ಬಿಸಿಲಿತ್ತು, ರಸ್ತೆ ಖಾಲಿಯಿತ್ತು. ದೊಡ್ಡಾಲಹಳ್ಳಿ ದಾಟಿದ ಮೇಲೆ ಅತ್ತೆ ನನ್ನ ತೋಳು ಮುಟ್ಟಿ, "ಲತಾ, ಸಾಕು ಕಣವ್ವ," ಅಂದರು.

ನಾನು ಕಾರನ್ನು ಪಕ್ಕಕ್ಕೆ ತೆಗೆದೆ. ಎಂಜಿನ್ ಓಡುತ್ತಲೇ ಇತ್ತು. "ಇನ್ನೊಂದ್ಸಲ ಯೋಚ್ನೆ ಮಾಡಿ ಅತ್ತೆ," ಅಂದೆ. ಮಾತಾಡುವುದಿಲ್ಲ ಎಂದು ಒಪ್ಪಿದ್ದವಳು ಮಾತಾಡಿದೆ. "ಮಾಡಾಯ್ತು," ಅಂದರು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಊಟ ಆಯಿತಾ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದರು. ನನ್ನ ಕೈ ಗೇರಿನ ಮೇಲೆ ಎಷ್ಟು ಹೊತ್ತು ಇತ್ತೋ. ಒಂದು ಬಸ್ಸು ಹಾರ್ನ್ ಮಾಡಿಕೊಂಡು ಮುಂದೆ ಹೋಯಿತು. ಆಮೇಲೆ ತಿರುಗಿಸಿದೆ.

ಬರುವ ದಾರಿಯಲ್ಲಿ ಎಳನೀರಿನ ಗಾಡಿ ನಿಂತಿತ್ತು. ನಿಲ್ಲಿಸು ಅಂದರು. ಡಯಾಲಿಸಿಸ್ ಶುರುವಾದಂದಿನಿಂದ ಎಳನೀರು ಅವರಿಗೆ ವಿಷ ಎಂದಿದ್ದರು ಡಾಕ್ಟರು. ನೀರನ್ನೇ ಲೋಟದಲ್ಲಿ ಅಳೆದು ಕೊಡುತ್ತಿದ್ದೆ. "ಎರಡು ಕೆತ್ತಪ್ಪ, ಗಂಜಿ ಇರೋದು," ಅಂದರು ಗಾಡಿಯವನಿಗೆ. ಒಂದನ್ನು ನನ್ನ ಕೈಗಿಟ್ಟರು. ತಮ್ಮದನ್ನು ಎರಡೂ ಕೈಯಲ್ಲಿ ಹಿಡಿದು, ಕೊಳವೆ ಬೇಡವೆಂದು, ಕಣ್ಣು ಮುಚ್ಚಿಕೊಂಡು ಕುಡಿದರು. ಸೀರೆಯ ಮೇಲೆಲ್ಲ ಚೆಲ್ಲಿತು, ಒರೆಸಿಕೊಳ್ಳಲಿಲ್ಲ.

ಮನೆಗೆ ಬಂದಾಗ ನಮ್ಮೆಜಮಾನರು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ಅಷ್ಟು ಬೇಗ ಬಂದ ಕಾರು ನೋಡಿ ಕೈಯಲ್ಲಿದ್ದ ಸೊಪ್ಪು ಅಲ್ಲೇ ಬಿಟ್ಟು ಎದ್ದು ಬಂದರು. ಬಾಗಿಲು ತೆಗೆದು, ಅವ್ವನ ಕಂಕುಳಿಗೆ ಕೈ ಕೊಟ್ಟು, ನಿಧಾನವಾಗಿ ಕೆಳಗಿಳಿಸಿಕೊಂಡರು.

ನಿಮ್ಮ ತಂಗಿ
ಲತಾಮಣಿ